ಪಿಎಚ್ ಕೋಟಾಕ್ಕೂ ಸ್ಕ್ರೈಬ್‌ಗೂ ನಡುವಿನ ಹದಿನಾರು ವಾರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ವಿಕಲಚೇತನ ವಿದ್ಯಾರ್ಥಿಗೆ ಸೌಲಭ್ಯ ಅಂದರೆ ಎರಡೇ. ಪ್ರವೇಶದ ದಿನ ಪಿಎಚ್ ಕೋಟಾ (ವಿಕಲಚೇತನರಿಗೆ ಮೀಸಲಾದ ಸೀಟು), ಪರೀಕ್ಷೆಯ ದಿನ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರು). ಇವೆರಡರ ನಡುವೆ ಒಂದು ಸೆಮಿಸ್ಟರ್‌ಗೆ ಸುಮಾರು ಹದಿನಾರು ವಾರ ಪಾಠ ನಡೆಯುತ್ತದೆ. ಕಣ್ಣು ಕಾಣದ ಹುಡುಗಿಗೆ ನೋಟ್ಸ್ ಯಾವ ರೂಪದಲ್ಲಿ ಸಿಕ್ಕಿತು, ವೀಲ್‌ಚೇರಿನಲ್ಲಿ ಬರುವ ಹುಡುಗ ಬೆಳಿಗ್ಗೆಯಿಂದ ಸಂಜೆ ತನಕ ಶೌಚಾಲಯಕ್ಕೆ ಎಲ್ಲಿ ಹೋದ, ಕಿವಿ ಕೇಳದವರು ಕೊನೆಯ ಬೆಂಚಿನಲ್ಲಿ ಕೂತು ಏನು ಬರೆದುಕೊಂಡರು ಎಂದು ಯಾರೂ ವಿಚಾರಿಸುವುದಿಲ್ಲ. ಮೂರನೇ ಸೆಮಿಸ್ಟರ್ ಹೊತ್ತಿಗೆ ಹಾಜರಾತಿ ಇಳಿಯುತ್ತದೆ, ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. 'ಮನೆ ಕಡೆ ಕಷ್ಟವಂತೆ' ಎಂಬ ಮಾತಿನಲ್ಲಿ ವಿಷಯ ಮುಗಿಯುತ್ತದೆ.

ಇದಕ್ಕೆ ಕಾನೂನಿನ ಕೊರತೆ ಕಾರಣವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 32ನೇ ಕಲಂ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ ಕೊಡುತ್ತದೆ. 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಪಠ್ಯಕ್ರಮದಲ್ಲಿ ಬೇಕಾದ ಮಾರ್ಪಾಡು ಇವನ್ನು ಹೆಸರಿಟ್ಟೇ ಹೇಳುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಪ್ರವೇಶಸಾಧ್ಯತೆಯ, ಅಂದರೆ ಕಟ್ಟಡ, ಪಾಠ, ಪರೀಕ್ಷೆ ವಿಕಲಚೇತನರೂ ಬಳಸಲು ಬರುವಂತೆ ಇರಬೇಕೆಂಬ ಮಾರ್ಗಸೂಚಿ ಹೊರಡಿಸಿದೆ.

ತೊಡಕು ಇರುವುದು ವ್ಯವಸ್ಥೆಯ ಅಂತರದಲ್ಲಿ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಶುರುವಾಯಿತು. ಕೋಲಾರದ ಟಮಕದಲ್ಲಿ ಕೇಂದ್ರ ಕಚೇರಿ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಲ್ಲಿ ಬಂದು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ವಿಕಲಚೇತನರ ಕೋಶ, ನೋಡಲ್ ಅಧಿಕಾರಿ, ಸಮಿತಿ ಇವೆಲ್ಲ ವಿಶ್ವವಿದ್ಯಾಲಯದ ಮಟ್ಟದ ಮಾತು. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಶಿರಾ, ಪಾವಗಡ, ಮುಳಬಾಗಿಲು, ಬಾಗೇಪಲ್ಲಿಯಂಥ ಊರಿನ ಸಂಯೋಜಿತ ಕಾಲೇಜುಗಳಲ್ಲಿ. ಅಲ್ಲಿ ಕೋಶ ಎಂದರೆ ಎನ್‌ಎಸ್‌ಎಸ್, ಕ್ರೀಡೆ, ಪ್ಲೇಸ್‌ಮೆಂಟ್ ಎಲ್ಲದರ ಜೊತೆಗೆ ಒಬ್ಬ ಅಧ್ಯಾಪಕರ ಹೆಗಲಿಗೆ ಬಿದ್ದ ಇನ್ನೊಂದು ಫೈಲು. ಆ ಅಧ್ಯಾಪಕರು ಅತಿಥಿ ಉಪನ್ಯಾಸಕರಾಗಿದ್ದರೆ ಮುಂದಿನ ವರ್ಷ ಆ ಫೈಲು ಯಾರ ಬಳಿ ಇರುತ್ತದೋ ಗೊತ್ತಿಲ್ಲ. ಹಾಗಾಗಿ ವಿದ್ಯಾರ್ಥಿಯ ಹಕ್ಕು ಪ್ರತಿ ಸೆಮಿಸ್ಟರ್‌ಗೆ ಮೊದಲಿನಿಂದ ಶುರುವಾಗುತ್ತದೆ. ಇದನ್ನು ತಪ್ಪಿಸುವ ದಾರಿ ಒಂದೇ: ಕೇಳುವುದನ್ನೆಲ್ಲ ಪ್ರವೇಶದ ತಿಂಗಳಲ್ಲೇ, ಬರವಣಿಗೆಯಲ್ಲಿ ಕೇಳುವುದು.

ಮೊದಲು ಯುಡಿಐಡಿ ಕಾರ್ಡ್

ಯುಡಿಐಡಿ ಅಂದರೆ ವಿಕಲಚೇತನರಿಗೆ ದೇಶದಾದ್ಯಂತ ನಡೆಯುವ ಗುರುತಿನ ಕಾರ್ಡು. ಅದಕ್ಕೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೋ, ವಿಳಾಸದ ದಾಖಲೆ ಹಾಕಿ, ಆಸ್ಪತ್ರೆ ಆರಿಸಿಕೊಂಡು ಅರ್ಜಿ ಸಲ್ಲಿಸಬೇಕು. ಆಮೇಲೆ ಮೆಡಿಕಲ್ ಬೋರ್ಡ್ ಕೂರುವ ದಿನ ಹೋಗಬೇಕು. ತುಮಕೂರಿನವರಿಗೆ ಜಿಲ್ಲಾಸ್ಪತ್ರೆ, ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ಜಾಗ. ಬೋರ್ಡ್ ದಿನಾ ಕೂರುವುದಿಲ್ಲ. ಕಣ್ಣು, ಕಿವಿ, ಮೂಳೆ ತಜ್ಞರ ದಿನಗಳು ಬೇರೆಬೇರೆ ಇರಬಹುದು. ಊರಿಂದ ಹೊರಡುವ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ ಕೇಳಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಕಾರ್ಡಿನ ಬಣ್ಣವೇ ವೈಕಲ್ಯದ ಪ್ರಮಾಣ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕೂ ಮೇಲೆ ನೀಲಿ.

ಕೈಕೊಡುವ ಜಾಗಗಳು ಮೂರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಯುಡಿಐಡಿಯಲ್ಲಿ ಎರಡೂ ಇಲ್ಲ. ಈ ಹೊಂದಾಣಿಕೆ ತಪ್ಪಿದರೆ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬರುತ್ತದೆ. ಎರಡನೆಯದು, ಬೆಳೆಯುವ ವಯಸ್ಸಿನಲ್ಲಿ ಕೊಟ್ಟ ಪ್ರಮಾಣಪತ್ರ ಎಷ್ಟೋ ಸಲ ತಾತ್ಕಾಲಿಕದ್ದಾಗಿರುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಅವಧಿ ಮುಗಿಯುತ್ತದೆ, ಅದು ಗೊತ್ತಾಗುವುದು ಪರೀಕ್ಷೆಯ ಅರ್ಜಿ ತುಂಬುವಾಗ. ಮೂರನೆಯದು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯವರ ಕಷ್ಟ. ಕೇಂದ್ರದ 2018ರ ಮಾರ್ಗಸೂಚಿಯಂತೆ ಎಂಟನೇ ವಯಸ್ಸಿನ ಮೇಲೆ ಪಡೆದ ಪ್ರಮಾಣಪತ್ರವನ್ನು 14ರಲ್ಲಿ ಮತ್ತು 18ರಲ್ಲಿ ಮತ್ತೆ ಮಾಡಿಸಬೇಕು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಪಿಯುಸಿ ಮುಗಿಸಿ ಡಿಗ್ರಿಗೆ ಬರುವ ವಯಸ್ಸೇ ಅದು. ಹಳೆಯ ಪತ್ರ ಹಿಡಿದು ಬಂದ ಹುಡುಗನಿಗೆ 'ಇದು ನಡೆಯಲ್ಲ' ಎಂದು ಹೇಳಿ ಕಳಿಸುವುದು ಸುಲಭ. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರು ಇಲ್ಲದಿದ್ದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ, ಅಲ್ಲಿ ಕಾಯಬೇಕಾಗುತ್ತದೆ. ಆದ್ದರಿಂದ ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಿಗೇ ಈ ಕೆಲಸ ಹಿಡಿಯಬೇಕು.

ಇಲ್ಲೊಂದು ಗೊಂದಲ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಶೇ 40 ಎಂಬ ಗೆರೆ ಮೀಸಲಾತಿಗೆ ಮತ್ತು ಹೆಚ್ಚಿನ ಹಣಕಾಸಿನ ಯೋಜನೆಗಳಿಗೆ. ತರಗತಿಯಲ್ಲಿ, ಪರೀಕ್ಷೆಯಲ್ಲಿ ಬೇಕಾದ ಅನುಕೂಲಕ್ಕೆ ಆ ಗೆರೆ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿ ವಿಕಾಸ್ ಕುಮಾರ್ ಯುಪಿಎಸ್‌ಸಿ ವಿರುದ್ಧ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಹೇಳಿದ್ದು ಇದನ್ನೇ: ಸ್ಕ್ರೈಬ್ ಪಡೆಯಲು ಶೇ 40 ಕಡ್ಡಾಯವಲ್ಲ. ಅದರ ಮೇಲೆ 2022ರ ಆಗಸ್ಟ್ 10ರಂದು, ಶೇ 40ಕ್ಕಿಂತ ಕಡಿಮೆ ಇದ್ದೂ ಬರೆಯಲು ಕಷ್ಟವಿರುವವರಿಗಾಗಿ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಇಂದಿಗೂ ಕಾಲೇಜು ಕಚೇರಿಯ ಕೌಂಟರಿನಲ್ಲಿ ಮೊದಲ ಪ್ರಶ್ನೆ 'ಪರ್ಸೆಂಟೇಜ್ ಎಷ್ಟು?' ಎಂಬುದೇ.

ಅರ್ಜಿಯಲ್ಲಿ ಏನು ಬರೆಯಬೇಕು

ಅರ್ಜಿ ಪ್ರಾಂಶುಪಾಲರಿಗೆ, ಅದರ ನಕಲು ವಿಶ್ವವಿದ್ಯಾಲಯದ ನೋಡಲ್ ಅಧಿಕಾರಿಗೆ ಮತ್ತು ಕುಲಸಚಿವರಿಗೆ (ಮೌಲ್ಯಮಾಪನ). ನಿಮ್ಮ ಪ್ರತಿಯ ಮೇಲೆ ಟಪಾಲಿನ ಮೊಹರು ಮತ್ತು ದಿನಾಂಕ ಬೀಳಲೇಬೇಕು. 'ಕೊಟ್ಟು ಹೋಗಿ, ನೋಡೋಣ' ಅಂದರೆ ಮೊಹರು ಹಾಕಿಸಿಕೊಂಡೇ ಹೊರಡಬೇಕು. ಅರ್ಜಿಯಲ್ಲಿ 'ಬಡ ವಿದ್ಯಾರ್ಥಿ, ದಯಮಾಡಿ ಸಹಾಯ ಮಾಡಬೇಕಾಗಿ ವಿನಂತಿ' ಎಂಬ ಒಕ್ಕಣೆಯಿಂದ ಏನೂ ಹುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ವಿಷಯ ನಿರ್ವಾಹಕರು ಮಾಡಬೇಕಾದ ಕೆಲಸವೇ ಇಲ್ಲ. ಬರೆಯಬೇಕಾದದ್ದು ಹೀಗೆ: 'ನನಗೆ ಎರಡೂ ಕಣ್ಣು ಕಾಣುವುದಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಮಿನಂತೆ ನನಗೆ ಈ ಕೆಳಗಿನವು ಬೇಕು. ಎಲ್ಲಾ ವಿಷಯಗಳ ನೋಟ್ಸ್ ಯೂನಿಕೋಡ್ (ಓದಿ ಹೇಳುವ ತಂತ್ರಾಂಶಕ್ಕೆ ಓದಲು ಬರುವ) ಕಡತದಲ್ಲಿ. ತರಗತಿಯಲ್ಲಿ ಪಾಠ ರೆಕಾರ್ಡ್ ಮಾಡಲು ಅನುಮತಿ. ಆಂತರಿಕ ಪರೀಕ್ಷೆ ಮತ್ತು ಸೆಮಿಸ್ಟರ್ ಪರೀಕ್ಷೆ ಎರಡಕ್ಕೂ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಸ್ಕ್ರೈಬ್. ಚಿತ್ರ, ನಕ್ಷೆ ಇರುವ ಪ್ರಶ್ನೆಗೆ ಬದಲಿ ಪ್ರಶ್ನೆ.' ಆಂತರಿಕ ಪರೀಕ್ಷೆಯನ್ನು ಬಿಡದೆ ಹೆಸರಿಸಬೇಕು. ಸೆಮಿಸ್ಟರ್ ಪರೀಕ್ಷೆಗೆ ಸ್ಕ್ರೈಬ್ ಕೊಡುವ ಕಾಲೇಜೂ ಟೆಸ್ಟ್ ದಿನ 'ಅಡ್ಜಸ್ಟ್ ಮಾಡ್ಕೊಳ್ಳಮ್ಮ' ಎನ್ನುತ್ತದೆ.

ಪ್ರವೇಶದ ಅರ್ಜಿಯಲ್ಲಿ ಅಥವಾ ಯುಯುಸಿಎಂಎಸ್ (ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಪ್ರೊಫೈಲಿನಲ್ಲಿ ವಿಕಲಚೇತನರ ಕಾಲಂ ಖಾಲಿ ಬಿಟ್ಟಿದ್ದರೆ ಮೊದಲ ವಾರವೇ ಸರಿಪಡಿಸಿಕೊಳ್ಳಿ. ಕೋಟಾ ಸೀಟು ತೆಗೆದುಕೊಳ್ಳದೆ ಜನರಲ್‌ನಲ್ಲಿ ಬಂದವರು ಈ ಕಾಲಂ ತಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಕಾಲಂ ಖಾಲಿ ಇದ್ದರೆ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ಸಂಖ್ಯೆಯಲ್ಲಿ ಆ ವಿದ್ಯಾರ್ಥಿಯೇ ಇರುವುದಿಲ್ಲ.

ನುಡಿಯಲ್ಲಿ ಟೈಪಾದ ನೋಟ್ಸ್

ಪಾಠದ ಸಾಮಗ್ರಿಯ ವಿಷಯದಲ್ಲಿ ಕನ್ನಡ ಮಾಧ್ಯಮದ ದೃಷ್ಟಿದೋಷವುಳ್ಳ ವಿದ್ಯಾರ್ಥಿಯ ಕಷ್ಟ ಇಂಗ್ಲಿಷ್ ಮಾಧ್ಯಮದವರದ್ದಕ್ಕಿಂತ ದೊಡ್ಡದು, ಮತ್ತು ಇದರ ಬಗ್ಗೆ ಮಾತಾಡುವವರು ಕಡಿಮೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ, ತೆರೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ ಇದೆ, ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಎರಡೂ ಕನ್ನಡ ಓದುತ್ತವೆ. ಆದರೆ ಓದಬೇಕಾದರೆ ಕಡತದಲ್ಲಿ ನಿಜವಾಗಿ ಕನ್ನಡ ಇರಬೇಕು. ನಮ್ಮ ಉಪನ್ಯಾಸಕರ ನೋಟ್ಸ್, ಡಿಟಿಪಿ ಅಂಗಡಿಯ ಪುಸ್ತಿಕೆ, ಹಳೆಯ ಪ್ರಶ್ನೆಪತ್ರಿಕೆ ಬಹುಪಾಲು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಾದವು. ಆ ಫಾಂಟಿನಲ್ಲಿ ತೆರೆಯ ಮೇಲೆ 'ಕ' ಕಾಣುತ್ತದೆ, ಕಡತದ ಒಳಗೆ ಇರುವುದು ಇಂಗ್ಲಿಷಿನ 'ಪಿ' ಮತ್ತು ಅದರ ಪಕ್ಕ ಒಂದು ವಿಚಿತ್ರ ಚಿಹ್ನೆ. ಕಣ್ಣಿಗೆ ಫಾಂಟು ಮೋಸ ಮಾಡುತ್ತದೆ, ತಂತ್ರಾಂಶ ಇದ್ದದ್ದನ್ನು ಇದ್ದಂತೆ ಓದುತ್ತದೆ. ಕೇಳುವವರ ಕಿವಿಗೆ ಅರ್ಥವಿಲ್ಲದ ಅಕ್ಷರಗಳ ಸರಣಿ ಬೀಳುತ್ತದೆ.

ಪರೀಕ್ಷಿಸುವುದು ಸುಲಭ. ಕಡತದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಿ. ಕನ್ನಡ ಬಂದರೆ ಯೂನಿಕೋಡ್. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಹಳೆಯ ಫಾಂಟು. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಎರಡು ಕಡೆ ಕಣ್ಣು ಹಾಯಿಸಲೇಬೇಕು. ಒಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳು ಸ್ಥಾನ ತಪ್ಪಿರಬಹುದು. ಎರಡು, ಅದೇ ಕಡತದಲ್ಲಿ ನಡುನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ತಿರುಗಿಸಿಬಿಡುತ್ತದೆ. ಅರ್ಥಶಾಸ್ತ್ರದ ನೋಟ್ಸ್‌ನಲ್ಲಿ ಪಾರಿಭಾಷಿಕ ಪದಗಳೇ ಹೀಗೆ ಹಾಳಾಗುವುದರಿಂದ ಪರೀಕ್ಷೆಯಲ್ಲಿ ನೇರ ನಷ್ಟ. ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ಕಡೆ ಪಟ್ಟಿ ಮಾಡಿಕೊಂಡು ಆಮೇಲೆ ಸೇರಿಸುವುದು ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಇನ್ನು ಮುಂದಿನ ನೋಟ್ಸ್‌ಗೆ ಪರಿಹಾರ ತುಂಬ ಚಿಕ್ಕದು: ನುಡಿಯ ಈಚಿನ ಆವೃತ್ತಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ವಿನ್ಯಾಸವೂ ಅದೇ. ಉಪನ್ಯಾಸಕರು ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಫೋಟೋ ನೋಟ್ಸ್ ಇನ್ನೊಂದು ತಲೆನೋವು. ಮುದ್ರಿತ ಪುಟದ ಫೋಟೋ ಆದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಸಿಗುತ್ತದೆ, ಕನ್ನಡಕ್ಕೂ ನಡೆಯುತ್ತದೆ. ಒಂದು ಫೋಟೋಗೆ ಒಂದೇ ಪುಟ, ಬೆಳಕು ಸಮನಾಗಿ, ಪುಟ ಸಪಾಟಾಗಿ, ಬೆರಳು ಅಂಚಿಗೆ ಬರದಂತೆ ತೆಗೆಯಬೇಕು. ಎರಡು ಪುಟ ಒಟ್ಟಿಗೆ ತೆಗೆದರೆ ಎಡಪುಟದ ಸಾಲಿನ ಮುಂದಕ್ಕೆ ಬಲಪುಟದ ಸಾಲು ಅಂಟಿಕೊಳ್ಳುತ್ತದೆ. ಕೈಬರಹದ ನೋಟ್ಸ್‌ಗೆ ಈ ಉಪಾಯ ನಂಬಬೇಡಿ. ಅಂಥದ್ದಕ್ಕೆ ಸಹಪಾಠಿ ಓದಿ ರೆಕಾರ್ಡ್ ಮಾಡಿಕೊಡುವುದೇ ವೇಗ. ಒಂದು ಘಟಕಕ್ಕೆ ಒಂದು ಕಡತ, ಕಡತದ ಹೆಸರಿನಲ್ಲೇ ವಿಷಯ ಮತ್ತು ಘಟಕದ ಸಂಖ್ಯೆ ಇದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಹುಡುಕಾಟ ತಪ್ಪುತ್ತದೆ.

'ಪುಸ್ತಕ ಸ್ಕ್ಯಾನ್ ಮಾಡಿದರೆ ಪ್ರಕಾಶಕರು ಕೇಸ್ ಹಾಕುತ್ತಾರೆ' ಎಂದು ಗ್ರಂಥಪಾಲಕರು ಹೆದರುವುದುಂಟು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ವಿಕಲಚೇತನರ ಓದಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತಿರುಗಿಸಲು ಅವಕಾಶ ಕೊಟ್ಟಿದೆ. ಲಾಭಕ್ಕೆ ಮಾರುವಂತಿಲ್ಲ, ಅಷ್ಟೇ. ಇದೇ ಉದ್ದೇಶದ ಮರ್ರಾಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸದಸ್ಯತ್ವ ಪಡೆದು ಇಂಥ ಪುಸ್ತಕ ಇಳಿಸಿಕೊಳ್ಳಬಹುದು. ಆದರೆ ನಮ್ಮ ವಿಶ್ವವಿದ್ಯಾಲಯಗಳ ಪಠ್ಯ ಅಲ್ಲಿ ತಾನಾಗಿ ಬಂದು ಕೂರುವುದಿಲ್ಲ, ಯಾರಾದರೂ ಸಿದ್ಧಪಡಿಸಬೇಕು. ಒಂದು ವಿಭಾಗ ಒಮ್ಮೆ ಮಾಡಿಟ್ಟರೆ ಪಠ್ಯಕ್ರಮ ಬದಲಾಗುವವರೆಗೂ ಎಲ್ಲಾ ಸಂಯೋಜಿತ ಕಾಲೇಜುಗಳಿಗೂ ಅದೇ ಸಾಕು. ವಿಶ್ವವಿದ್ಯಾಲಯದ ಕೋಶಕ್ಕೆ ಮಾಡಲು ಯೋಗ್ಯವಾದ ಕೆಲಸ ಅಂದರೆ ಇದು. ಡಿಸೆಂಬರ್ 3ರಂದು ಅಂಗವಿಕಲರ ದಿನಾಚರಣೆಗೆ ಶಾಮಿಯಾನ ಹಾಕುವುದಲ್ಲ.

ಪರೀಕ್ಷಾ ಕೊಠಡಿಯಲ್ಲಿ

ಹೆಚ್ಚುವರಿ ಸಮಯದ ಲೆಕ್ಕ ಸರಳ. ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಎರಡೂವರೆ ಗಂಟೆಗೆ 50 ನಿಮಿಷ, ಒಂದು ಗಂಟೆಯ ಟೆಸ್ಟಿಗೆ 20 ನಿಮಿಷ. ಸ್ಕ್ರೈಬ್ ಬೇಡ, ತಾನೇ ಬರೆಯುತ್ತೇನೆ ಎನ್ನುವವರಿಗೂ, ಸ್ಕ್ರೈಬ್‌ಗೆ ಅರ್ಹತೆ ಇದ್ದರೆ, ಈ ಸಮಯ ಸಿಗಬೇಕು. ಕೇಂದ್ರದ 2018ರ ಆಗಸ್ಟ್ 29ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ.

ಹಾಗಿದ್ದೂ ಸಮಯ ಸಿಗದಿರುವುದಕ್ಕೆ ಕಾರಣ ಸಿಬ್ಬಂದಿಯ ಕೆಟ್ಟತನವಲ್ಲ, ಪರೀಕ್ಷಾ ಕೇಂದ್ರದ ದಿನಚರಿ. ಮಧ್ಯಾಹ್ನ ಎರಡಕ್ಕೆ ಶುರುವಾದ ಪತ್ರಿಕೆ ಐದಕ್ಕೆ ಮುಗಿಯುತ್ತದೆ. ಐದೂ ಕಾಲಕ್ಕೆ ಉತ್ತರಪತ್ರಿಕೆ ಎಣಿಸಿ ಬಂಡಲ್ ಕಟ್ಟಿ ಅರಗು ಹಾಕಬೇಕು. ವಿಕಲಚೇತನ ವಿದ್ಯಾರ್ಥಿಯೊಬ್ಬರು ಆರರ ತನಕ ಬರೆದರೆ ಒಂದು ಉತ್ತರಪತ್ರಿಕೆಗಾಗಿ ಇಡೀ ಬಂಡಲ್ ಕಾಯಬೇಕು, ಮೇಲ್ವಿಚಾರಕರು ಕಾಯಬೇಕು, ಗೇಟಿನವರು ಕಾಯಬೇಕು. ಎಲ್ಲರೂ ಗಡಿಯಾರ ನೋಡುತ್ತಿದ್ದರೆ ವಿದ್ಯಾರ್ಥಿಯೇ ಐದೂ ಇಪ್ಪತ್ತಕ್ಕೆ 'ಆಯ್ತು ಸಾರ್' ಎಂದು ಎದ್ದುಬಿಡುತ್ತಾರೆ. ಬೆಳಗಿನ ಪಾಳಿಯಲ್ಲೂ ಇದೇ. ಹನ್ನೆರಡೂವರೆಗೆ ಮುಗಿಯುವ ಪತ್ರಿಕೆ ಒಂದೂವರೆಗೆ ಹೋದರೆ, ಎರಡು ಗಂಟೆಯ ಪಾಳಿಗೆ ಅದೇ ಕೊಠಡಿ ಬೇಕಿರುತ್ತದೆ. ಹಾಗಾಗಿ ಮುಖ್ಯ ಅಧೀಕ್ಷಕರಿಗೆ ಮೊದಲೇ ನಾಲ್ಕು ವಿಷಯ ಬರವಣಿಗೆಯಲ್ಲಿ ಹೋಗಬೇಕು: ನೆಲಮಹಡಿಯಲ್ಲಿ ಪ್ರತ್ಯೇಕ ಕೊಠಡಿ, ಅದಕ್ಕೆ ಪ್ರತ್ಯೇಕ ಮೇಲ್ವಿಚಾರಕರು, ಪ್ರತ್ಯೇಕ ಲಕೋಟೆ, ಮತ್ತು ಮುಗಿಯುವ ಗಂಟೆ ಅಂಕಿಯಲ್ಲಿ. 'ನಿಯಮಾನುಸಾರ ಹೆಚ್ಚುವರಿ ಸಮಯ' ಎಂದು ಆದೇಶ ಬಂದರೆ ಸಾಲದು, 'ಸಂಜೆ 6.00ರವರೆಗೆ' ಎಂದೇ ಇರಬೇಕು.

ಸ್ಕ್ರೈಬ್ ವಿಷಯಕ್ಕೆ ಬರೋಣ. ಅಂಧತ್ವ, ಎರಡೂ ಕೈಗಳ ಚಲನದೋಷ, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು, ಕೊಡಬೇಕು. ಉಳಿದವರು ಬರೆಯಲು ಆಗುವುದಿಲ್ಲವೆಂದು ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರ ಮಟ್ಟದ ವೈದ್ಯಾಧಿಕಾರಿಯಿಂದ ನಿಗದಿತ ನಮೂನೆಯಲ್ಲಿ ಪತ್ರ ತರಬೇಕು. ಈ ನಮೂನೆ ಯುಡಿಐಡಿಗಿಂತ ಬೇರೆ. ಇದು ಗೊತ್ತಿಲ್ಲದೆ ಪರೀಕ್ಷೆಯ ಹಿಂದಿನ ದಿನ ಆಸ್ಪತ್ರೆಗೆ ಓಡುವವರೇ ಹೆಚ್ಚು. ವಿದ್ಯಾರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರ ಓದು ವಿದ್ಯಾರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ಪರೀಕ್ಷಾ ಸಂಸ್ಥೆಯೇ ಕೊಡುವುದಾದರೆ ಎರಡು ದಿನ ಮೊದಲು ಭೇಟಿ ಮಾಡಿ ನೋಡಲು ಅವಕಾಶ ಇರಬೇಕು. ವಿಷಯಕ್ಕೊಬ್ಬ ಬೇರೆ ಸ್ಕ್ರೈಬ್ ಇಟ್ಟುಕೊಳ್ಳಬಹುದು. ಕನ್ನಡ ಪತ್ರಿಕೆಗೂ ಇಂಗ್ಲಿಷ್ ಪತ್ರಿಕೆಗೂ ಒಬ್ಬರೇ ಆಗಬೇಕೆಂದಿಲ್ಲ. 2025ರಲ್ಲಿ ಬಂದ ಪರಿಷ್ಕೃತ ಮಾರ್ಗಸೂಚಿ ಅಭ್ಯರ್ಥಿಯೇ ಸ್ಕ್ರೈಬ್ ತರುವುದನ್ನು ಕಡಿಮೆ ಮಾಡಿ, ಪರೀಕ್ಷಾ ಸಂಸ್ಥೆಗಳೇ ಪಟ್ಟಿ ಸಿದ್ಧವಾಗಿಟ್ಟುಕೊಳ್ಳಬೇಕು ಎಂಬ ಕಡೆಗೆ ವಾಲಿದೆ. ಆದ್ದರಿಂದ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರು ಆಯಾ ವರ್ಷದ ಅಧಿಸೂಚನೆ ಓದದೆ ಹಳೆಯ ಅನುಭವದ ಮೇಲೆ ಹೋಗಬಾರದು.

ಸ್ಕ್ರೈಬ್ ಬಂದು ಕೂತ ಮೇಲೂ ಅಂಕ ಸೋರುವ ಜಾಗಗಳಿವೆ. ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಿಸಿಕೊಳ್ಳದೆ ಒಂದನೇ ಪ್ರಶ್ನೆಯಿಂದಲೇ ಹೇಳಲು ಶುರುಮಾಡಿದರೆ ಆಯ್ಕೆಯ ಪ್ರಶ್ನೆಗಳಲ್ಲಿ ಎಡವಟ್ಟಾಗುತ್ತದೆ. ಪಿಯುಸಿ ಕಲಾ ವಿಭಾಗದ ಹುಡುಗಿ ಬಿ.ಕಾಂ. ಲೆಕ್ಕಪತ್ರದ ಪತ್ರಿಕೆಗೆ ಕೂತರೆ ಖರ್ಚಿನ ಕಡೆ ಯಾವುದು, ಜಮೆಯ ಕಡೆ ಯಾವುದು ಎಂದು ಅಂಕಣ ಹಾಕುವುದೇ ಗೊತ್ತಿರುವುದಿಲ್ಲ. ಬೀಜಗಣಿತದಲ್ಲಿ 'ಎಕ್ಸ್ ಪ್ಲಸ್ ಒಂದರ ವರ್ಗ' ಎಂದರೆ ವರ್ಗ ಒಂದಕ್ಕೆ ಮಾತ್ರವೋ ಇಡೀ ಆವರಣಕ್ಕೋ? ಸ್ಕ್ರೈಬ್ ತಮಗೆ ಕೇಳಿಸಿದಂತೆ ಬರೆಯುತ್ತಾರೆ. 'ಆವರಣ ಶುರು, ಆವರಣ ಮುಗಿಯಿತು, ಹೊಸ ಸಾಲು' ಎಂದು ಹೇಳುವ ರೂಢಿಯನ್ನು ಇಬ್ಬರೂ ಮೊದಲೇ ಹಳೆಯ ಪತ್ರಿಕೆಯ ಮೇಲೆ ಅಭ್ಯಾಸ ಮಾಡಬೇಕು. ಪ್ರತಿ ಉತ್ತರ ಮುಗಿದ ಮೇಲೆ ಪ್ರಶ್ನೆಸಂಖ್ಯೆ ಸರಿಯಾಗಿ ಬಿದ್ದಿದೆಯೇ ಎಂದು ಓದಿಸಿಕೊಳ್ಳಬೇಕು. ಹೆಚ್ಚುವರಿ ಸಮಯದ ದೊಡ್ಡ ಪಾಲು ಹೋಗುವುದು ಇದಕ್ಕೇ, ಹೋಗಬೇಕಾದದ್ದೂ ಇದಕ್ಕೇ.

ಇದೆಲ್ಲ ನೋಡಿದರೆ, ಟೈಪ್ ಮಾಡಲು ಬರುವ ವಿದ್ಯಾರ್ಥಿಗೆ ಸ್ಕ್ರೈಬ್‌ಗಿಂತ ಕಂಪ್ಯೂಟರ್ ಮೇಲು. ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರದ ಪತ್ರಿಕೆ, ಉತ್ತರ ರೆಕಾರ್ಡ್ ಮಾಡುವುದು, ಇವುಗಳಲ್ಲಿ ತನಗೆ ಬೇಕಾದ ವಿಧಾನ ಆರಿಸಿಕೊಳ್ಳುವ ಅವಕಾಶ 2018ರ ಮಾರ್ಗಸೂಚಿಯಲ್ಲೇ ಇದೆ. ಒಂದು ದಿನ ಮೊದಲು ಯಂತ್ರವನ್ನು ಪರಿಶೀಲಿಸಬಹುದು. ಆಗ ನೋಡಬೇಕಾದದ್ದು ಎನ್‌ವಿಡಿಎ ಹಾಕಿದ್ದಾರೆಯೇ, ಅದರಲ್ಲಿ ಕನ್ನಡ ಧ್ವನಿ ಬರುತ್ತದೆಯೇ, ನುಡಿ ವಿನ್ಯಾಸದ ಕೀಲಿಮಣೆ ಯೂನಿಕೋಡ್‌ನಲ್ಲಿ ಇದೆಯೇ, ಹೆಡ್‌ಫೋನ್ ಕೆಲಸ ಮಾಡುತ್ತದೆಯೇ, ಪ್ರಿಂಟರ್ ಎಲ್ಲಿದೆ, ಮತ್ತು ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ. ಲ್ಯಾಪ್‌ಟಾಪ್ ಆದರೆ ಕೊನೆಯ ಚಿಂತೆ ಇಲ್ಲ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ವಿಕಲಚೇತನರ ಸಬಲೀಕರಣ ಇಲಾಖೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ, ಅರ್ಜಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯ ಮೂಲಕ.

ಕೇಳಿಸದವರು, ಹೊರಗೆ ಕಾಣದ ತೊಂದರೆಯವರು

ಕಿವುಡ ವಿದ್ಯಾರ್ಥಿಗಳಿಗೆ ಸಂಜ್ಞಾಭಾಷೆಯ ದುಭಾಷಿಗಳು ಈ ಮೂರು ಜಿಲ್ಲೆಗಳ ಕಾಲೇಜಿನಲ್ಲಿ ಸಿಗುವುದು ಅಪರೂಪ, ಅದನ್ನು ಒಪ್ಪಿಕೊಂಡೇ ಮಾತಾಡೋಣ. ಅಲ್ಲಿಯವರೆಗೆ ಆಗುವ ಕೆಲಸಗಳಿವೆ. ಆಂಡ್ರಾಯ್ಡ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡ ಮಾತನ್ನು ತೆರೆಯ ಮೇಲೆ ಬರೆದು ತೋರಿಸುತ್ತದೆ. ಫೋನು ಮೂರನೇ ಬೆಂಚಿನಲ್ಲಿದ್ದರೆ ಫ್ಯಾನಿನ ಸದ್ದೇ ಹೆಚ್ಚು ಕೇಳಿಸುವುದರಿಂದ, ಅದಕ್ಕೊಂದು ಕಾಲರ್ ಮೈಕ್ ಜೋಡಿಸಿ ಉಪನ್ಯಾಸಕರ ಅಂಗಿಗೆ ಸಿಕ್ಕಿಸಬೇಕು. ಬೋರ್ಡಿಗೆ ಮುಖ ಮಾಡಿ ಮಾತಾಡದಿರುವುದು, ಆ ದಿನದ ಹೊಸ ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಮೊದಲೇ ಬರೆಯುವುದು ಖರ್ಚಿಲ್ಲದ ಕೆಲಸ. ವೈವಾದಲ್ಲಿ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬಹುದು. ಭಾಷೆಯ ವಿನಾಯಿತಿ ಕೇಳುವವರು ಮೊದಲ ಸೆಮಿಸ್ಟರಿನ ಪರೀಕ್ಷಾ ಅರ್ಜಿಗೆ ಮುಂಚೆಯೇ ಲಿಖಿತ ಆದೇಶ ಪಡೆಯಬೇಕು. ಪತ್ರಿಕೆ ಒಮ್ಮೆ ನೋಂದಣಿಯಾದರೆ ಬರೆಯದವರು 'ಗೈರು' ಎಂದೇ ದಾಖಲಾಗುತ್ತಾರೆ, ಆಮೇಲೆ ಅದನ್ನು ತೆಗೆಸುವುದು ಹರಸಾಹಸ.

ಕಾಯ್ದೆಯ 21 ಬಗೆಗಳಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ, ಮಾನಸಿಕ ಅಸ್ವಸ್ಥತೆ ಕೂಡ ಸೇರಿವೆ. ಇವರಿಗೆ ರ‍್ಯಾಂಪು ಬೇಡ, ಸ್ಕ್ರೈಬ್ ಬೇಡ. ಬೇಕಾದದ್ದು ಹಾಜರಾತಿಯಲ್ಲಿ ಹೊಂದಾಣಿಕೆ. ಕೆಲವು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗೆ ಶೇ 75ರ ನಿಯಮ ತೋರಿಸಿ ಪರೀಕ್ಷೆಯಿಂದ ಹೊರಗಿಡುವುದು ಕಾನೂನಿನ ಆಶಯಕ್ಕೆ ವಿರುದ್ಧ. ಆಸ್ಪತ್ರೆಯ ಚೀಟಿಗಳನ್ನು ತಿಂಗಳು ತಿಂಗಳು ಕಚೇರಿಗೆ ಕೊಡುತ್ತ ಬರುವುದು ಉತ್ತಮ, ಸೆಮಿಸ್ಟರ್ ಕೊನೆಗೆ ಒಟ್ಟಿಗೆ ಕೊಟ್ಟರೆ ಸಂಶಯಕ್ಕೆ ದಾರಿ.

ರ‍್ಯಾಂಪು, ಶೌಚಾಲಯ, ಬಸ್ಸು

ರ‍್ಯಾಂಪಿನ ಲೆಕ್ಕ ಮೇಸ್ತ್ರಿಗೂ ಪ್ರಾಂಶುಪಾಲರಿಗೂ ಗೊತ್ತಿರಲಿ. ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಬಾಗಿಲ ಮುಂದೆ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪು ಕನಿಷ್ಠ 5.4 ಮೀಟರ್ ಉದ್ದ ಬೇಕು. ಎಷ್ಟೋ ಕಡೆ ಎರಡು ಮೀಟರಿನಲ್ಲಿ ಮುಗಿಸಿ ಬಿಲ್ ಮಾಡಿರುತ್ತಾರೆ. ಅದನ್ನು ಹತ್ತಲು ಹಿಂದಿನಿಂದ ಇಬ್ಬರು ತಳ್ಳಬೇಕು, ಇಳಿಯುವಾಗ ಮುಂದಕ್ಕೆ ಮುಗ್ಗರಿಸುವ ಭಯ. ಮೇಲೆ ನುಣುಪು ಗ್ರಾನೈಟ್ ಹಾಕಿದರೆ ಮಳೆಗಾಲದಲ್ಲಿ ಊರುಗೋಲಿನವರು ಜಾರುತ್ತಾರೆ, ಒರಟು ಸಿಮೆಂಟೇ ಸರಿ. ಎರಡೂ ಬದಿ ಹಿಡಿಗಂಬಿ, ಮೇಲ್ಗಡೆ ವೀಲ್‌ಚೇರು ತಿರುಗಲು ಒಂದೂವರೆ ಮೀಟರ್ ಸಮತಟ್ಟು ಜಾಗ, ಬಾಗಿಲು 90 ಸೆಂ.ಮೀ. ಅಗಲ. ಕೆಳತುದಿಯಲ್ಲಿ ಬೈಕು ನಿಲ್ಲಿಸದಂತೆ ಕಂಬವೊಂದು ನೆಟ್ಟರೆ ಇನ್ನೂ ಒಳ್ಳೆಯದು.

ರ‍್ಯಾಂಪಿಗಿಂತ ಶೌಚಾಲಯ ಮುಖ್ಯ ಎಂಬುದು ನಮ್ಮ ಅಭಿಪ್ರಾಯ. ರ‍್ಯಾಂಪಿಲ್ಲದಿದ್ದರೆ ಗೆಳೆಯರು ಎತ್ತಿಕೊಂಡಾದರೂ ಒಳಗೆ ಬಿಡುತ್ತಾರೆ. ಶೌಚಾಲಯ ಇಲ್ಲದಿದ್ದರೆ ವಿದ್ಯಾರ್ಥಿನಿ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾಳೆ, ಮೂತ್ರದ ಸೋಂಕು ತಂದುಕೊಳ್ಳುತ್ತಾಳೆ, ಆಮೇಲೆ ಕಾಲೇಜು ಬಿಡುತ್ತಾಳೆ. ಕಟ್ಟಿದ ಕಡೆಯೂ ಬಾಗಿಲು ಒಳಕ್ಕೆ ತೆರೆಯುವುದರಿಂದ ವೀಲ್‌ಚೇರು ಒಳಗಿದ್ದಾಗ ಮುಚ್ಚಲು ಬರುವುದಿಲ್ಲ. ಇಲ್ಲವೇ ಬೀಗ ಹಾಕಿ, ಒಳಗೆ ಹಳೆಯ ಉತ್ತರಪತ್ರಿಕೆಗಳ ಮೂಟೆ ತುಂಬಿರುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಪ್ರವೇಶಸಾಧ್ಯತೆಯ ಮಾನದಂಡ ಬರೀ ಸಲಹೆಯಂತಿದ್ದ ನಿಯಮ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 'ಅನುದಾನ ಬಂದಾಗ ನೋಡೋಣ' ಎಂಬ ಉತ್ತರಕ್ಕೆ ಈಗ ಮೊದಲಿನ ಬಲವಿಲ್ಲ. ಅಲ್ಲಿಯವರೆಗೆ ವೇಳಾಪಟ್ಟಿ ಬದಲಿಸಿ ಆ ತರಗತಿಯನ್ನು ನೆಲಮಹಡಿಗೆ ತರಲು ಯಾವ ಅನುದಾನವೂ ಬೇಡ.

ಕೆಎಸ್ಆರ್‌ಟಿಸಿಯ ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ, ಅರ್ಜಿ ಸೇವಾ ಸಿಂಧುವಿನಲ್ಲಿ, ಅವಧಿ ಡಿಸೆಂಬರ್‌ವರೆಗೆ. ಪಾವಗಡದಿಂದ ತುಮಕೂರಿಗೆ ಎಂ.ಎ. ಓದಲು ಬರುವವರಿಗೆ ಆ ಮಿತಿ ಗಡಿಗೇ ಬಂದು ನಿಲ್ಲುತ್ತದೆ. ಈ ಭಾಗದ ಹಳ್ಳಿ ದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಪಾಸು ನಡೆಯುವುದಿಲ್ಲ. ಹಾಗಾಗಿ ಹಾಸ್ಟೆಲ್‌ನಲ್ಲಿ ನೆಲಮಹಡಿಯ ಕೊಠಡಿ ಕೇಳುವುದೇ ಹಲವರಿಗೆ ಪಾಸಿಗಿಂತ ಹೆಚ್ಚು ಉಪಯೋಗ.

ದುಡ್ಡಿನ ವಿಷಯದಲ್ಲಿ ಎರಡು ಯೋಜನೆ ನೆನಪಿಡಿ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನ ಮೆಟ್ರಿಕ್ ನಂತರದ ವೇತನಕ್ಕೆ ಶೇ 40 ಮತ್ತು ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷದೊಳಗೆ. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು) ಮಾನ್ಯತೆಯ ತಾಂತ್ರಿಕ ಡಿಗ್ರಿ, ಡಿಪ್ಲೊಮಾ ಓದುವವರಿಗೆ 'ಸಕ್ಷಮ್' ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ. ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಲಾಗಿನ್ ಆಗಿ ಪರಿಶೀಲಿಸದಿದ್ದರೆ ಅದು ಅಲ್ಲೇ ಸಾಯುತ್ತದೆ. ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ಸ್ಥಿತಿ ನೋಡಿ, ಕಾಲೇಜಿನಲ್ಲೇ ನಿಂತಿದ್ದರೆ ಹೋಗಿ ಕೇಳಿ. ಹಣ ಬರುವುದು ಆಧಾರ್‌ಗೆ ಜೋಡಣೆಯಾದ ಖಾತೆಗೆ. ಅದು ಅಮ್ಮನ ಊರಿನ ಹಳೆಯ ಬ್ಯಾಂಕಿನದ್ದಾಗಿದ್ದರೆ 'ಬಂದಿಲ್ಲ' ಎಂದುಕೊಂಡ ಹಣ ಅಲ್ಲಿ ಕೂತಿರುತ್ತದೆ.

ಕೊಡದಿದ್ದರೆ

ಬಾಯಿಮಾತಿನ ಜಗಳ ಬೇಡ. ಕಾಯ್ದೆಯ 23ನೇ ಕಲಮಿನಂತೆ ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ನೋಂದಣಿಯಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಅಂಥ ಅಧಿಕಾರಿಯೇ ಇಲ್ಲ ಎಂದು ಕಚೇರಿ ಹೇಳಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ಕರ್ನಾಟಕದ ನಿಯಮದಂತೆ 150 ಪದದೊಳಗೆ. ಕೇಳುವುದು ಹೆಚ್ಚೇನಿಲ್ಲ, ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ನೇಮಕದ ಆದೇಶದ ಪ್ರತಿ ಸಾಕು. 30 ದಿನದಲ್ಲಿ ಉತ್ತರ ಬರಬೇಕು, ಮತ್ತು ಎಷ್ಟೋ ಸಲ ಆ ಅರ್ಜಿ ಬಂದ ಮೇಲೆಯೇ ಆದೇಶ ಟೈಪಾಗುತ್ತದೆ.

ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ. ದೂರಿನ ಜೊತೆಗೆ ಮೊಹರು ಬಿದ್ದ ಹಳೆಯ ಅರ್ಜಿ, ಯುಡಿಐಡಿ ಪ್ರತಿ, ವೇಳಾಪಟ್ಟಿ, ಕೊಠಡಿಯ ಅಥವಾ ರ‍್ಯಾಂಪಿನ ಫೋಟೋ ಇರಲಿ. ಆಯುಕ್ತರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಆಯಿತೆಂದು ಸಂಸ್ಥೆ ಮೂರು ತಿಂಗಳೊಳಗೆ ತಿಳಿಸಬೇಕು. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬ ಕಾರಣವನ್ನು ಆಯುಕ್ತರಿಗೂ ದೂರುದಾರರಿಗೂ ಬರೆದು ಕೊಡಬೇಕು. ಹೈಕೋರ್ಟಿಗೆ ಹೋಗುವವರಿಗೆ ಬೇಕಾಗುವುದು ಆ ಬರಹವೇ.